ಸಿಂಕಿನ ಪಕ್ಕ ನಿಂತವಳು

ಫೆಬ್ರವರಿ 4

ಗುಂಡನಿಗೆ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಕೂಡಲೇ ಬರೆಯಲಿಲ್ಲ ಅಂತ ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಫೋನ್ ಮಾಡೋಣವೆಂದರೆ ನಮ್ಮಿಬ್ಬರದು ಎರಡನೇ ನಿಮಿಷಕ್ಕೆ ಜಗಳ. ಕಾಗದದಲ್ಲಾದರೆ ನಾನು ಹೇಳಿ ಮುಗಿಸುವ ತನಕ ನೀನು ಬಾಯಿ ಹಾಕುವಂತಿಲ್ಲ.

ಇಲ್ಲಿ ಕೈತುಂಬ ಕೆಲಸ. ಇಷ್ಟು ವರ್ಷ ಪ್ರಯೋಗಾಲಯದ ಪ್ರಾಣಿಗಳ ಕೋಣೆಯಲ್ಲಿ ಗೂಡು ತೊಳೆಯುವುದು, ಮೇವು ಹಾಕುವುದು, ತೂಕ ಬರೆಯುವುದು, ಇಷ್ಟೇ ಇತ್ತು ನನ್ನ ಪಾಲಿಗೆ. ಈಗ ಮೇಡಂ ನನ್ನನ್ನು ಪರೀಕ್ಷೆಗೂ ಹಾಕಿದ್ದಾರೆ. ಪರೀಕ್ಷೆ ಇಲಿಗಳಿಗೆ, ನನಗಲ್ಲ. ಒಟ್ಟು ಇಪ್ಪತ್ತು ಬಿಳಿ ಇಲಿ. ಹತ್ತಕ್ಕೆ ಐದು ತಿಂಗಳಿಂದ ಒಂದು ದಿನವೂ ತಪ್ಪದೆ ಒಂದು ಔಷಧಿ, ಇನ್ನು ಹತ್ತಕ್ಕೆ ಬರೀ ಸಕ್ಕರೆ ನೀರು. ಸೂಜಿ ತೆಗೆದ ಸಿರಿಂಜಿನಿಂದ ಬಾಯಿಗೆ ಬಿಡುವವಳು ನಾನೇ. ಬಹಳ ದಿನ ಔಷಧಿ ತಿಂದರೆ ಕಲಿಯುವ ಶಕ್ತಿಗೂ ನೆನಪಿಗೂ ಏನಾಗುತ್ತದೆ ಅಂತ ನೋಡುವುದು ಮೇಡಂ ಉದ್ದೇಶ.

ಹೇಗೆ ನೋಡುತ್ತೇವೆ ಗೊತ್ತಾ? ಒಂದು ದೊಡ್ಡ ದುಂಡನೆಯ ತೊಟ್ಟಿ ಇದೆ. ನೀರಿಗೆ ಹಾಲಿನ ಪುಡಿ ಕಲಸಿ ಬೆಳ್ಳಗೆ ಮಾಡುತ್ತೇವೆ. ಒಂದು ಮೂಲೆಯಲ್ಲಿ, ನೀರಿನ ಮಟ್ಟದಿಂದ ಬೆರಳಗಲ ಕೆಳಗೆ, ಒಂದು ಪುಟ್ಟ ಕಟ್ಟೆ. (ದುಂಡನೆಯ ತೊಟ್ಟಿಗೆ ಮೂಲೆ ಎಲ್ಲಿಂದ ಬಂತು ಅಂತ ಕೇಳಬೇಡ, ಅರ್ಥ ಮಾಡಿಕೊ.) ಇಲಿಗೆ ಆ ಕಟ್ಟೆ ಕಾಣುವುದಿಲ್ಲ. ಈಜಾಡಿ ಈಜಾಡಿ ಒಮ್ಮೆ ಕಾಲಿಗೆ ತಗಲಿದರೆ ಹತ್ತಿ ನಿಂತು ಉಸಿರು ಬಿಡುತ್ತದೆ. ಕೋಣೆಯ ಗೋಡೆಗಳ ಮೇಲೆ ಒಂದೊಂದು ಚಿತ್ರ ಅಂಟಿಸಿದ್ದೇವೆ, ತ್ರಿಕೋನ, ಪಟ್ಟೆ, ಚುಕ್ಕಿ, ವೃತ್ತ. ಅವುಗಳ ಗುರುತು ಹಿಡಿದು ಮರುದಿನ ಇಲಿ ನೇರವಾಗಿ ಕಟ್ಟೆಗೆ ಹೋಗಬೇಕು. ಹೋದರೆ ಕಲಿತಿದೆ ಅಂತ ಲೆಕ್ಕ.

ಬೆಳಿಗ್ಗೆ ಸಕ್ಕರೆ ನೀರಿನವು, ನನ್ನ ಪಾಳಿ. ಸಿಂಕಿಗೆ ಒರಗಿ ನಿಂತು ಗಡಿಯಾರ ಒತ್ತುತ್ತೇನೆ, ಈ ಮಂಡಿ ನೋವಿಗೆ ಒರಗದೆ ಇದ್ದರೆ ಆಗುವುದಿಲ್ಲ. ಔಷಧಿಯವಕ್ಕೆ ಔಷಧಿ ಮೈಗೆ ಹತ್ತಲು ಹೊತ್ತು ಬೇಕು, ಹಾಗಾಗಿ ಅವು ಮಧ್ಯಾಹ್ನ, ಮೀಸೆಯ ಪಾಳಿ. ಮೀಸೆ ಅಂದರೆ ನನ್ನ ಜೊತೆಗಾರ, ಮೀಸೆ ಬಿಟ್ಟರೆ ಅವನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಮೊದಲ ವಾರದ ಲೆಕ್ಕ ಬಂದಿದೆ. ನನ್ನವು ಒಂಬತ್ತು ಸೆಕೆಂಡಿಗೆ ಕಟ್ಟೆ ಹತ್ತುತ್ತವೆ. ಔಷಧಿ ತಿಂದವು ನಲವತ್ತು ಸೆಕೆಂಡಾದರೂ ಗಿರಗಿರ ಸುತ್ತುತ್ತವೆ, ನಿನ್ನೆ ಇಲ್ಲಿಗೆ ಬಂದೇ ಇರಲಿಲ್ಲವೇನೋ ಅನ್ನುವ ಹಾಗೆ. ಮೇಡಂಗೆ ಖುಷಿಯೋ ಖುಷಿ.

ನಿನ್ನ ಮಗಳ ಹಲ್ಲು ಬಿತ್ತಾ? ಮಾತ್ರೆ ತಪ್ಪಿಸಬೇಡ.

ಅಕ್ಕ


ಫೆಬ್ರವರಿ 19

ಅಕ್ಕನಿಗೆ,

ಹಲ್ಲು ಬಿತ್ತು. ಇಲಿಗಳಿಗೆ ಹೆಸರಿಟ್ಟಿದ್ದೀರಾ ಅಂತ ಅತ್ತೆಯನ್ನು ಕೇಳು ಅಂದಳು. ನಂಬರ್ ಇರುತ್ತೆ ಕಣೆ ಅಂದೆ. 'ಪಾಪ' ಅಂದಳು. ನಾಲ್ಕು ಸಾವಿರದ ಇನ್ನೂರು ಡಬ್ಬಿಗಳಿಗೆ ನಂಬರ್ ಕೊಟ್ಟು ಬದುಕುವ ಅಪ್ಪನ ಮೇಲೆ ಮಾತ್ರ ಅವಳಿಗೆ ಪಾಪ ಅನ್ನಿಸುವುದಿಲ್ಲ.

ಡಬ್ಬಿ ಅಂದೆನಲ್ಲ, ಒಂದು ವಿಷಯ ಹೇಳುತ್ತೇನೆ, ನಗಬೇಡ. ಬಸ್ ಡಿಪೋದ ಈ ಉಗ್ರಾಣದಲ್ಲಿ ಹನ್ನೊಂದು ವರ್ಷದಿಂದ ನಾನು ಪುಸ್ತಕ ತೆರೆದು ನೋಡಿದವನಲ್ಲ. ಕ್ಲಚ್ ಪ್ಲೇಟ್ ಬೇಕಾ, ಮೂರನೇ ಸಾಲು, ಮೇಲಿನಿಂದ ಎರಡು. ಫ್ಯಾನ್ ಬೆಲ್ಟ್ ಬೇಕಾ, ಕಣ್ಣು ಮುಚ್ಚಿ ಕೈ ಹಾಕಿದರೆ ಸಿಗಬೇಕು. ನನಗಿರುವ ಮರ್ಯಾದೆ ಎಲ್ಲ ಅಷ್ಟೇ. ಹೋದ ವಾರ ಬಿಳಿತಲೆ ಮೆಕ್ಯಾನಿಕ್ ಬಂದು ಹಿಂದಿನ ಚಕ್ರದ ಬೇರಿಂಗ್ ಕೇಳಿದ. ಎದ್ದು ಏಣಿಯವರೆಗೆ ಹೋದೆ. ಅಲ್ಲೇ ನಿಂತೆ. ಯಾವ ಸಾಲು? ಏನೂ ಇಲ್ಲ, ತಲೆ ಖಾಲಿ. 'ಏನಪ್ಪಾ, ನಮ್ಮ ಕಂಪ್ಯೂಟರ್ ಕೈ ಕೊಡ್ತಾ?' ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಶೌಚಾಲಯಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಈ ತಿಂಗಳಲ್ಲಿ ಇದು ನಾಲ್ಕನೇ ಸಲ.

ಆ ದಿನ ಸಂಜೆಯೇ ನಿನ್ನ ಕಾಗದ ಕೈಗೆ ಸಿಕ್ಕಿತು.

ಕಟ್ಟೆ ಎಷ್ಟು ಕೆಳಗಿದೆ, ಗೋಡೆಯ ಮೇಲೆ ಏನೇನು ಚಿತ್ರ, ಮೀಸೆಯ ಮೀಸೆ, ಎಲ್ಲ ಬರೆದಿದ್ದೀಯ. ಔಷಧಿಯ ಹೆಸರು ಮಾತ್ರ ಬರೆದಿಲ್ಲ. ಯಾವುದು ಅದು?

ಗುಂಡ


ಮಾರ್ಚ್ 3

ಗುಂಡನಿಗೆ,

ಬೇರಿಂಗ್ ಮರೆತದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ. ನಾನು ನಿನ್ನೆ ಕನ್ನಡಕ ತಲೆಯ ಮೇಲೆ ಇಟ್ಟುಕೊಂಡು ಮನೆಯೆಲ್ಲ ಹುಡುಕಿದೆ. ವಯಸ್ಸಾಗುತ್ತಿದೆ. ನಿನಗೂ ಮೂವತ್ತಾರು ಆಯಿತಲ್ಲ, ಎಳೆ ಮಗುವೇನಲ್ಲ.

ಔಷಧಿಯ ಹೆಸರು ಹೊರಗೆ ಹೇಳುವಂತಿಲ್ಲ, ಇಲ್ಲಿಯ ನಿಯಮ. ಕೆಲಸಕ್ಕೆ ಸೇರುವಾಗ ಸಹಿ ಹಾಕಿಸಿಕೊಂಡಿದ್ದಾರೆ. ಅಲ್ಲದೆ ಇಲಿ ಬೇರೆ, ಮನುಷ್ಯ ಬೇರೆ. ಇಲಿಗೆ ತೂಕದ ಲೆಕ್ಕದಲ್ಲಿ ಕೊಡುವ ಪ್ರಮಾಣ ಬಹಳ ಹೆಚ್ಚು. ಇಲಿ ಎರಡೂವರೆ ಮೂರು ವರ್ಷ ಬದುಕಿದರೆ ದೊಡ್ಡದು, ಅದರ ಐದು ತಿಂಗಳು ಅಂದರೆ ನಮ್ಮ ಎಷ್ಟೋ ವರ್ಷ. ಅದರ ಪಿತ್ತಕೋಶ ನಮ್ಮ ಹಾಗಲ್ಲ, ನಿಜ ಹೇಳಬೇಕೆಂದರೆ ಅದಕ್ಕೆ ಪಿತ್ತಕೋಶವೇ ಇಲ್ಲ. ಮೇಡಂ ಕೂಡ ಇದನ್ನು ಯಾರೂ ಹಾಗೇ ನಂಬಬಾರದು ಅನ್ನುತ್ತಾರೆ. ಇಲಿಯ ಲೆಕ್ಕ ಇಲಿಗೆ.

ಮಗಳಿಗೆ ಹೇಳು, ಹನ್ನೆರಡನೇ ನಂಬರಿನ ಇಲಿಗೆ ಅವಳ ಹೆಸರಿಟ್ಟಿದ್ದೇನೆ. ತುಂಬ ಹಟಮಾರಿ.

ಅಕ್ಕ


ಮಾರ್ಚ್ 12

ಅಕ್ಕನಿಗೆ,

ಇಲಿಗೆ ಪಿತ್ತಕೋಶ ಇಲ್ಲ ಅಂತ ನಾನು ಕೇಳಿರಲಿಲ್ಲ. ನೀನು ಸುಳ್ಳು ಹೇಳುವಾಗ ಹೀಗೇ, ಬೇಡದ ವಿವರವೆಲ್ಲ ಸುರಿಯುತ್ತೀಯ. ಉತ್ತರ ಸಿಕ್ಕಿತು, ಬಿಡು. ನನ್ನ ಮಾತ್ರೆಯೇ ಅದು.

ಕೋಪವಿಲ್ಲ. ಒಂದು ರೀತಿಯಲ್ಲಿ ಸಮಾಧಾನವೇ ಆಯಿತು. ಯಾಕೆ ಅಂತ ಹೇಳುತ್ತೇನೆ.

ಬೇರಿಂಗ್ ಹಾಳಾಗಿ ಹೋಗಲಿ. ಅಮ್ಮ ಹೋದ ದಿನ ನನಗೆ ನೆನಪಿಲ್ಲ ಅಲ್ಲವಾ. ಪ್ರತಿ ವರ್ಷ ನಿನ್ನನ್ನು ಕೇಳುತ್ತೇನೆ, ನೀನು ಹೇಳುತ್ತೀಯ. 'ಗುಂಡ, ನೀನೇ ಕಿಟಕಿ ತೆಗೆದೆ, ಮಂಚದ ಪಕ್ಕ ಕುರ್ಚಿ ಎಳೆದುಕೊಂಡೆ, ಅವಳ ಕೈ ಹಿಡಿದುಕೊಂಡಿದ್ದೆ, ಅವಳು ನಿನ್ನ ಕಡೆ ತಿರುಗಿದಳು, ಆಮೇಲೆ ಹೋದಳು' ಅಂತ. ಇಪ್ಪತ್ತೊಂದು ವರ್ಷದಿಂದ ಕೇಳಿಸಿಕೊಳ್ಳುತ್ತಿದ್ದೇನೆ. ಆಗ ನನಗೆ ಹದಿನೈದು, ಕೈಗೂಸೇನಲ್ಲ. ಅವಳ ಕೈ ಬಿಸಿ ಇತ್ತೋ ತಣ್ಣಗಿತ್ತೋ ಅಷ್ಟಾದರೂ ಗೊತ್ತಿರಬೇಡವಾ? ಗೊತ್ತಿಲ್ಲ. ನಾನು ಎಂಥ ಮಗ ಅಂತ ಎಷ್ಟು ಸಲ ಅನ್ನಿಸಿದೆಯೋ. ಹೆಂಡತಿಗೂ ಹೇಳಿಲ್ಲ ಇದನ್ನು. ಅವಳ ತಾಯಿ ತೀರಿಕೊಂಡಾಗ 'ನಿಮ್ಮಮ್ಮ ಹೋದಾಗ ನೀವು ಹೇಗೆ ತಡ್ಕೊಂಡ್ರಿ?' ಅಂತ ಕೇಳಿದಳು. ನೀನು ಹೇಳಿದ್ದನ್ನೇ ಗಿಳಿಪಾಠ ಒಪ್ಪಿಸಿದೆ.

ಅಮ್ಮ ಹೋಗುವುದಕ್ಕೆ ಒಂದೂವರೆ ತಿಂಗಳ ಮುಂಚೆ ತಾನೆ ಮಾತ್ರೆ ಶುರು ಮಾಡಿದ್ದು? ಈಗ ಗೊತ್ತಾಯಿತು. ಆ ದಿನವನ್ನು ಮಾತ್ರೆಯೇ ತಿಂದುಹಾಕಿದೆ. ಅಮ್ಮನನ್ನೇ ಬಿಡದ್ದು ಬೇರಿಂಗನ್ನು ಬಿಡುತ್ತದಾ?

ಗಾಬರಿ ಬೀಳಬೇಡ. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ.

ಗುಂಡ


ಮಾರ್ಚ್ 20

ಗುಂಡನಿಗೆ,

ಹೌದು. ನಿನ್ನ ಮಾತ್ರೆಯೇ. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಇಲಿ ಸುತ್ತುವುದು ತಮಾಷೆಯಾಗಿತ್ತು, ಬರೆದುಬಿಟ್ಟೆ. ಅಂಚೆ ಡಬ್ಬಿಗೆ ಹಾಕಿದ ಮೇಲೆ ಅರ್ಧ ದಾರಿಯಲ್ಲಿ ಹೊಳೆಯಿತು, ಏನು ಮಾಡಿಬಿಟ್ಟೆ ಅಂತ.

ಈಗ ಕಿವಿಗೊಟ್ಟು ಕೇಳು. ಒಂದು ಹೊತ್ತಿನದೂ ಬಿಡಬೇಡ. ಇದ್ದಕ್ಕಿದ್ದ ಹಾಗೆ ಬಿಟ್ಟರೆ ಏನಾಗುತ್ತದೆ ಅಂತ ನಿನಗೆ ಗೊತ್ತಿಲ್ಲ, ನನಗೆ ಗೊತ್ತು. ನೀನು ಮೂರ್ಛೆ ಬಂದು ನೆಲಕ್ಕೆ ಬಿದ್ದಾಗಲೆಲ್ಲ ನಿನಗೆ ಪ್ರಜ್ಞೆ ಇರುತ್ತಿರಲಿಲ್ಲ. ನೋಡುತ್ತಿದ್ದವಳು ನಾನು. ತಲೆ ಮಂಕಾಗಿದೆ ಅನ್ನಿಸಿದರೆ ಡಾಕ್ಟರ ಹತ್ತಿರ ಹೋಗಿ ಬಾಯಿಬಿಟ್ಟು ಹೇಳು. ಅವರು ಪ್ರಮಾಣ ಬದಲಿಸುತ್ತಾರೆ, ಬೇರೆ ಕೊಡುತ್ತಾರೆ. ಅದು ಅವರ ಕೆಲಸ. ನಿನ್ನದೂ ಅಲ್ಲ, ನನ್ನದೂ ಅಲ್ಲ, ನನ್ನ ಇಲಿಗಳದಂತೂ ಅಲ್ಲವೇ ಅಲ್ಲ.

ಅಮ್ಮನ ವಿಷಯ ಇನ್ನೊಂದು ಸಲ ಬರೆಯುತ್ತೇನೆ. ಈಗ ಬಸ್ಸಿಗೆ ಹೊತ್ತಾಯಿತು.

ಅಕ್ಕ


ಏಪ್ರಿಲ್ 15

ಅಕ್ಕನಿಗೆ,

ನಿನ್ನ ತಮ್ಮ ಈಗ ಹುಲಿ! ಹೊಗೆ ಹಿಡಿದ ಕಿಟಕಿ ಒರೆಸಿದ ಹಾಗಿದೆ ತಲೆ. ನಿನ್ನೆ ಬಿಳಿತಲೆ ಬೇಕೆಂದೇ ಹುಡುಕಿ ಹುಡುಕಿ ಹದಿನೆಂಟು ಸಾಮಾನು ಕೇಳಿದ. ಹದಿನೆಂಟೂ ಕೊಟ್ಟೆ, ಪುಸ್ತಕ ಮುಟ್ಟಲಿಲ್ಲ. 'ಏನ್ ತಿಂತಿದೀಯೋ ಮಾರಾಯ?' ಅಂದ. 'ಏನೂ ತಿಂತಿಲ್ಲ' ಅಂದೆ. ಅವನಿಗೇನು ಗೊತ್ತು.

ರಾತ್ರಿ ನಿದ್ದೆ ಸ್ವಲ್ಪ ಕಡಿಮೆ. ಪರವಾಗಿಲ್ಲ, ಎದ್ದು ಕೂತು ಹಳೆಯದೆಲ್ಲ ನೆನಪು ಮಾಡಿಕೊಳ್ಳುತ್ತೇನೆ. ಅಮ್ಮನ ಹೊಲಿಗೆ ಯಂತ್ರದ ಸದ್ದು ಸಿಕ್ಕಿತು. ಕತ್ತರಿ ಎಲ್ಲಿಡುತ್ತಿದ್ದಳು ಅಂತ ಸಿಕ್ಕಿತು. ಆ ದಿನ ಮಾತ್ರ ಇನ್ನೂ ಸಿಕ್ಕಿಲ್ಲ. ಸಿಗುತ್ತದೆ, ಸ್ವಲ್ಪ ಸಮಯ ಕೊಡಬೇಕು.

ಮಗಳು ಬಾಯಿಪಾಠದಲ್ಲಿ ನನ್ನನ್ನೇ ಸೋಲಿಸುತ್ತಿದ್ದಳು, ಈಗ ಆ ಆಟ ಅವಳಿಗೆ ನಡೆಯುತ್ತಿಲ್ಲ. ಡಾಕ್ಟರ ಹತ್ತಿರ ಮುಂದಿನ ತಿಂಗಳು ಹೋಗುತ್ತೇನೆ.

ಗುಂಡ


ಏಪ್ರಿಲ್ 24

ಗುಂಡನಿಗೆ,

ನಿನ್ನ ಕಾಗದ ಓದಿ ಎಷ್ಟು ಹಗುರವಾಯಿತು ಅಂದರೆ ಬಸ್ಸಿನಲ್ಲಿ ಪಕ್ಕದವಳಿಗೆ ಜಾಗ ಬಿಟ್ಟುಕೊಟ್ಟೆ, ನನ್ನ ಮಂಡಿಯನ್ನೂ ಮರೆತು. ನೋಡಿದೆಯಾ? ಅದೇ ಮಾತ್ರೆ, ಅದೇ ತಲೆ, ಹದಿನೆಂಟಕ್ಕೆ ಹದಿನೆಂಟು. ಎರಡು ತಿಂಗಳ ಹಿಂದೆ ಯಾವುದೋ ಯೋಚನೆಯಲ್ಲಿ ಮರೆತಿರುತ್ತೀಯ, ನನ್ನ ಕಾಗದ ಬೇರೆ ಉರಿಗೆ ಎಣ್ಣೆ ಸುರಿಯಿತು. ಮೇಡಂಗೂ ಹೇಳಿದೆ, ನನ್ನ ತಮ್ಮ ಇಪ್ಪತ್ತೊಂದು ವರ್ಷದಿಂದ ತಿನ್ನುತ್ತಿದ್ದಾನೆ, ನಿಮ್ಮ ಇಲಿಗಳಿಗಿಂತ ಚುರುಕು ಅಂತ. ನಕ್ಕರು. ನಿದ್ದೆ ಮಾತ್ರ ಕೆಡಿಸಿಕೊಳ್ಳಬೇಡ.

ಅವರು ಮುಂದಿನ ತಿಂಗಳು ದೊಡ್ಡ ಸಭೆಯಲ್ಲಿ ಈ ಫಲಿತಾಂಶ ಓದುತ್ತಾರಂತೆ. ಕೊನೆಯಲ್ಲಿ ಸಹಾಯ ಮಾಡಿದವರ ಪಟ್ಟಿಯಲ್ಲಿ ನನ್ನ ಹೆಸರೂ ಇರುತ್ತದಂತೆ. ಮೀಸೆಯದೂ ಇದೆ, ಅದೊಂದೇ ಬೇಜಾರು.

ಅಕ್ಕ


ಮೇ 20

ಗುಂಡನಿಗೆ,

ಯಾಕೋ ಸುದ್ದಿಯಿಲ್ಲ? ಫೋನ್ ಮಾಡಿದೆ, ನಿನ್ನ ಹೆಂಡತಿ ಎತ್ತಿಕೊಂಡು 'ಅವರು ಕೆಲಸದ ಮೇಲೆ ಹೊರಗೆ ಹೋಗಿದ್ದಾರೆ ಅತ್ತಿಗೆ' ಅಂದಳು. ಉಗ್ರಾಣದವನಿಗೆ ಹೊರಗೇನು ಕೆಲಸ? ಧ್ವನಿಯೂ ಸರಿ ಇರಲಿಲ್ಲ. ಜಗಳ ಆಡಿದ್ದೀರಾ? ಆಡಿದ್ದರೆ ತಪ್ಪು ನಿನ್ನದೇ ಇರುತ್ತದೆ. ಎರಡು ಸಾಲಾದರೂ ಬರೆ.

ಅಕ್ಕ


ಜೂನ್ 2

ಅಕ್ಕನಿಗೆ,

ಎಡಗೈ ಬರಹ. ಕೋಳಿ ಕೆದರಿದ ಹಾಗಿದೆ, ಕ್ಷಮಿಸು. ಏಣಿಯಿಂದ ಕಾಲು ಜಾರಿತು. ಬಲಗಡೆ ಕತ್ತಿನ ಬುಡದ ಕಾಲರ್ ಮೂಳೆ ಮುರಿದಿದೆ. ಬೇರೇನಿಲ್ಲ. ಬರಬೇಡ. ಆರಾಮಾಗಿದ್ದೇನೆ.

ಗುಂಡ


ಜೂನ್ 9

ಗುಂಡನಿಗೆ,

ಕಾಲು ಜಾರಿತಂತೆ! ನಿನ್ನ ಹೆಂಡತಿಗೆ ಮತ್ತೆ ಫೋನ್ ಮಾಡಿದೆ. ಈ ಸಲ ಬಿಡಲಿಲ್ಲ. ಪಾಪ, ಅವಳು ಅತ್ತೇ ಬಿಟ್ಟಳು. ಮೇ ಏಳನೇ ತಾರೀಖು ಬೆಳಿಗ್ಗೆ ಏಣಿಯ ಆರನೇ ಮೆಟ್ಟಿಲಿನ ಮೇಲೆ ನಿನಗೆ ಮೂರ್ಛೆ ಬಂತು. ಬಿಳಿತಲೆ ತನ್ನ ಅಂಗಿ ಬಿಚ್ಚಿ ನಿನ್ನ ತಲೆ ಕೆಳಗಿಟ್ಟು ಆಂಬ್ಯುಲೆನ್ಸ್ ಬರುವ ತನಕ ಹಿಡಿದುಕೊಂಡಿದ್ದ. ಆಸ್ಪತ್ರೆಯಲ್ಲಿ ಇನ್ನೆರಡು ಸಲ ಬಂತು. ಆಮೇಲೆ ಅವಳು ಉಗ್ರಾಣಕ್ಕೆ ನಿನ್ನ ಸಾಮಾನು ತರಲು ಹೋದರೆ, ವಾಷರ್ ಡಬ್ಬಿಯೊಳಗೆ ತೊಂಬತ್ತೊಂದು ಮಾತ್ರೆ. ಮೇಲೆ ಚೀಟಿ ಅಂಟಿಸಿ ನಂಬರ್ ಕೂಡ ಬರೆದಿದ್ದೀಯಂತೆ. ಬಿಸಾಡಲೂ ಮನಸ್ಸು ಬಂದಿಲ್ಲ ನಿನಗೆ, ಉಗ್ರಾಣದವನೇ. ಮೊದಲು ಬೆಳಗಿನದು ಬಿಟ್ಟೆ, ಏಪ್ರಿಲ್‌ನಿಂದ ಎರಡೂ ಬಿಟ್ಟೆ ಅಂತ ಅವಳ ಹತ್ತಿರ ಒಪ್ಪಿಕೊಂಡೆಯಂತೆ. ನಾನು ಮಾತ್ರ ಆ ಹದಿನೆಂಟಕ್ಕೆ ಹದಿನೆಂಟು ಓದಿ ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟೆ. ನನ್ನಂಥ ದಡ್ಡಿ ಇಲ್ಲ.

ಬೈಯಬೇಕು ಅಂತ ಕೂತೆ, ಆಗುತ್ತಿಲ್ಲ. ಎರಡು ವಿಷಯ ಹೇಳಬೇಕಾಗಿದೆ. ಮೊದಲನೆಯದು ಸುಲಭ, ಅದನ್ನು ಮೊದಲು ಹೇಳುತ್ತೇನೆ.

ಹೋದ ತಿಂಗಳ ಕೊನೆಯ ಸೋಮವಾರ ಸಿಂಕಿನ ಕೊಳವೆ ಸೋರುತ್ತಿದೆ ಅಂತ ಪ್ಲಂಬರ್ ಬಂದ. ನಾನು ಎದುರು ಬದಿಗೆ, ಕಪಾಟಿನ ಹತ್ತಿರ ಹೋಗಿ ನಿಂತೆ. ಒಂದನೇ ಇಲಿ ಬಿಟ್ಟೆ. ಅದು ತಿರುಗಿ ನೇರವಾಗಿ ನನ್ನ ಕಡೆ ಈಜಿತು, ಕಟ್ಟೆ ಇರುವ ಕಡೆಗಲ್ಲ. ಎರಡನೆಯದೂ ಹಾಗೇ ಮಾಡಿತು. ಹತ್ತಕ್ಕೆ ಹತ್ತೂ ನನ್ನ ಮುಂದೆ ಬಂದು ತೊಟ್ಟಿಯ ಗೋಡೆ ಕೆರೆದವು. ಪ್ಲಂಬರ್ 'ಅಮ್ಮಾ, ನಿಮ್ಮ ಮೇಲೆ ಎಷ್ಟು ಪ್ರೀತಿ ಇವಕ್ಕೆ!' ಅಂದ. ಗುಂಡ, ಅವು ಗೋಡೆಯ ಚಿತ್ರ ನೋಡಿ ಯಾವತ್ತೂ ಕಲಿತಿರಲಿಲ್ಲ. ನಾಲ್ಕು ತಿಂಗಳಿಂದ ದಿನಾ ಸಿಂಕಿನ ಪಕ್ಕ ಹಳದಿ ಏಪ್ರನ್ ಹಾಕಿಕೊಂಡು ನಿಂತ ಈ ದೊಡ್ಡ ಹೆಂಗಸೇ ಅವುಗಳ ಗುರುತು. ಕಟ್ಟೆ ಇದ್ದದ್ದು ಸಿಂಕಿನ ಬದಿಗೇ. ಮಧ್ಯಾಹ್ನದ ಇಲಿಗಳಿಗೆ ಆ ಗುರುತು ಇರಲಿಲ್ಲ. ಮೀಸೆ ಒಂದು ದಿನ ಕಿಟಕಿಯ ಹತ್ತಿರ, ಒಂದು ದಿನ ಸ್ಟೂಲ್ ಮೇಲೆ, ಒಂದು ದಿನ ಬಾಗಿಲಲ್ಲಿ ನಿಂತು ಹರಟೆ. ಅವು ಏನನ್ನು ನೋಡಿ ಕಲಿಯಬೇಕು? ಯಾವ ಇಲಿ ಯಾವ ಗುಂಪಿನದು ಅಂತ ನಮಗಿಬ್ಬರಿಗೂ ಗೊತ್ತಿರಲೇಬಾರದಿತ್ತು, ಇಬ್ಬರೂ ಪರದೆಯ ಹಿಂದೆ ಇರಬೇಕಿತ್ತು.

ಮೇಡಂಗೆ ಹೇಳಿದೆ. ಅವರು ಸಭೆಗೆ ಹೋಗಿ ಓದಿ ಬಂದಾಗಿತ್ತು. 'ಪರದೆ ಕಟ್ಟಿಸಿ' ಅಂದರು. ಪರದೆ ಕಟ್ಟಿ, ಚಿತ್ರ ದೊಡ್ಡದು ಮಾಡಿ, ಎಲ್ಲ ಇಲಿಗಳಿಗೂ ಬೆಳಿಗ್ಗೆಯೇ ಪರೀಕ್ಷೆ ಮಾಡುತ್ತಿದ್ದೇವೆ. ಔಷಧಿಯವು ಮೊದಲೆರಡು ದಿನ ಸ್ವಲ್ಪ ನಿಧಾನ, ನಿಜ. ಐದನೇ ದಿನಕ್ಕೆ ಮಿಕ್ಕವುಗಳ ಸಮಕ್ಕೆ ಬಂದವು. ಇದೂ ಬರೀ ಇಪ್ಪತ್ತು ಇಲಿಯ ಕತೆ, ಇದನ್ನೂ ನಂಬಿ ಕೂರಬೇಡ.

ಈಗ ಎರಡನೆಯದು.

ಅಮ್ಮ ಹೋದಾಗ ನೀನು ಅಲ್ಲಿರಲಿಲ್ಲ.

ಅವಳು ಹೋಗುವ ಹಿಂದಿನ ದಿನ ನಿನಗೆ ಒಂದರ ಹಿಂದೆ ಒಂದು ಮೂರ್ಛೆ ಬಂತು. ಐದೋ ಆರೋ. ಆಸ್ಪತ್ರೆಗೆ ಸೇರಿಸಿದೆವು. ಅಪ್ಪ ನಿನ್ನ ಹತ್ತಿರ, ನಾನು ಅಮ್ಮನ ಹತ್ತಿರ. ಕಿಟಕಿ ತೆಗೆದವಳು ನಾನು. ಕೈ ಹಿಡಿದುಕೊಂಡವಳು ನಾನು. ನೀನು ಮನೆಗೆ ಬಂದದ್ದು ಎಂಟು ದಿನಕ್ಕೆ. ಬಂದವನಿಗೆ ಸೋಮವಾರ ಯಾವುದು, ಗುರುವಾರ ಯಾವುದು ಗೊತ್ತಿರಲಿಲ್ಲ. ಖಾಲಿ ಮಂಚ ನೋಡಿ 'ನಾನು ಎಲ್ಲಿದ್ದೆ?' ಅಂತ ಕೇಳಿದೆ. ಆ ಮುಖ ನೋಡಿ ನನ್ನ ಬಾಯಿಂದ 'ಇಲ್ಲೇ ಇದ್ದೆಯಲ್ಲೋ' ಅಂತ ಬಂದುಬಿಟ್ಟಿತು. ಅಪ್ಪನೂ ತಲೆಯಾಡಿಸಿದ. ಆಸ್ಪತ್ರೆಗೆ ಹೋದದ್ದು ಅಮ್ಮ ಹೋದ ಮೇಲೆ ಅಂದೆವು. ಆಮೇಲೆ ನೀನು ಕೇಳಿದಾಗಲೆಲ್ಲ ಒಂದೊಂದು ಸೇರಿಸಿದೆ. ಕುರ್ಚಿ ಸೇರಿತು, ಅವಳು ತಿರುಗಿದ್ದು ಸೇರಿತು. ನಿನಗೆ ಸಮಾಧಾನ ಸಿಗುತ್ತದೆ ಅಂತ ಮಾಡಿದೆ. ಮಾರ್ಚ್ ಹನ್ನೆರಡರ ನಿನ್ನ ಕಾಗದ ಓದಿದ ದಿನವೇ ಇದನ್ನು ಬರೆಯಬೇಕಿತ್ತು. ಬಸ್ಸಿಗೆ ಹೊತ್ತಾಯಿತು ಅಂತ ಬರೆದೆ. ಆ ದಿನ ಭಾನುವಾರ, ನನಗೆ ಯಾವ ಬಸ್ಸೂ ಇರಲಿಲ್ಲ. ಆಗಲೇ ಬರೆದಿದ್ದರೆ ಇವತ್ತು ನಿನ್ನ ಮೂಳೆ ಸರಿಯಾಗಿರುತ್ತಿತ್ತು.

ಮಾತ್ರೆ ಏನನ್ನೂ ತಿಂದಿಲ್ಲ. ಇಲ್ಲದ್ದನ್ನು ನೀನು ಹುಡುಕುತ್ತಿದ್ದೆ, ಅಷ್ಟೇ. ಅದು ಇದೆ ಅಂತ ನಂಬಿಸಿದವಳು ನಾನು.

ಆ ದಿನದ ಮಿಕ್ಕದ್ದು ನನಗೂ ಸರಿಯಾಗಿ ನೆನಪಿಲ್ಲ. ಜನ ಬಂದರು, ಹೋದರು. ನಿನ್ನನ್ನು ನೋಡಲು ಮರುದಿನ ಬಂದೆ ಅಂತ ಕಾಣುತ್ತದೆ.

ಕ್ಷಮಿಸು ಅಂತ ಕೇಳುವುದಕ್ಕೂ ಮುಖವಿಲ್ಲ. ಮಾತ್ರೆ ತೆಗೆದುಕೊ.

ಅಕ್ಕ


ಜುಲೈ 1

ಅಕ್ಕನಿಗೆ,

ಮೂರು ವಾರ ಬರೆಯಲಿಲ್ಲ, ಬೇಕೆಂದೇ ಬರೆಯಲಿಲ್ಲ. ಮೊದಲ ವಾರ ನಿನ್ನ ಕಾಗದ ಹರಿದು ಹಾಕಬೇಕು ಅನ್ನಿಸುತ್ತಿತ್ತು. ಎಷ್ಟು ಸಿಟ್ಟು ಬಂದಿತ್ತು ಅಂದರೆ, ನಿನ್ನ ಮೇಲಿನ ಸಿಟ್ಟನ್ನು ಮಗಳ ಮೇಲೆ ತೀರಿಸಿಕೊಂಡೆ, ಅವಳು ಒಂದು ದಿನ ನನ್ನ ಜೊತೆ ಮಾತು ಬಿಟ್ಟಳು. ಇಪ್ಪತ್ತೊಂದು ವರ್ಷ ನನ್ನನ್ನು ನಾನು ಬೈದುಕೊಂಡಿದ್ದೇನಲ್ಲ, ಅದನ್ನು ಯಾರಿಗೆ ವಾಪಸ್ ಕೊಡಲಿ? ನಿನಗೆ ಬರೆದ ಎರಡು ಕಾಗದ ನಾನೇ ಹರಿದೆ. ಅದರಲ್ಲಿದ್ದದ್ದು ಹೇಳುವಂಥ ಮಾತಲ್ಲ.

ಮಾತ್ರೆ ಶುರು ಮಾಡಿದ್ದೇನೆ. ಡಾಕ್ಟರ್ ಹೆಂಗಸು, ಬಾಯಿ ನಿನ್ನ ಹಾಗೇ ಜೋರು. 'ನೀವು ಬದುಕಿರೋದೇ ದೊಡ್ಡದು' ಅಂದರು. ಮಂಕು ಮಾತ್ರೆಯಿಂದಲೇ ಇರಬಹುದು, ಇಲ್ಲದೆಯೂ ಇರಬಹುದು, ರಕ್ತ ಪರೀಕ್ಷೆ ಮಾಡಿ ನಿಧಾನವಾಗಿ ಬೇರೆ ಔಷಧಿಗೆ ಬದಲಿಸೋಣ ಅಂದಿದ್ದಾರೆ. ಫೆಬ್ರವರಿಯಲ್ಲೇ ಹೋಗಿದ್ದರೆ ಆಗಲೇ ಹೇಳುತ್ತಿದ್ದರಂತೆ. ಡಿಪೋದಲ್ಲಿ ನನಗೆ ಏಣಿ ಬಂದ್. ನಾನು ಕೆಳಗೆ ಕೂತು ಸಾಲು, ಡಬ್ಬಿ ಹೇಳುತ್ತೇನೆ, ಬಿಳಿತಲೆ ಗೊಣಗುತ್ತ ಹತ್ತುತ್ತಾನೆ. ಮರೆತರೆ ಪುಸ್ತಕ ತೆರೆಯುತ್ತೇನೆ. ಯಾರೂ ನಗಲಿಲ್ಲ. ನಗಲಿ ಅಂತ ಕಾಯುತ್ತಿದ್ದವನು ನಾನೊಬ್ಬನೇ ಅಂತ ಕಾಣುತ್ತದೆ.

ಈಗ ನೀನು ತಪ್ಪು ಬರೆದದ್ದನ್ನು ತಿದ್ದಬೇಕು. ನೀನು ಬಂದದ್ದು ಮರುದಿನ ಅಲ್ಲ, ಆ ದಿನ ಸಂಜೆಯೇ.

ನನ್ನ ತಲೆಯಲ್ಲಿ ಒಂದು ಕನಸಿದೆ. ಕನಸು ಅಂತಲೇ ಇಷ್ಟು ದಿನ ಅಂದುಕೊಂಡಿದ್ದೆ, ಯಾಕೆಂದರೆ ಅದಕ್ಕೆ ಎಲ್ಲೂ ಜಾಗವಿರಲಿಲ್ಲ. ಆ ಹೊತ್ತಿಗೆ ನಾನು ಮನೆಯಲ್ಲಿದ್ದೆ ಅಂತ ನೀನು ಹೇಳಿದ್ದೆಯಲ್ಲ. ವಾರ್ಡಿನ ದೀಪ ಆಗ ತಾನೆ ಹೊತ್ತಿಸಿದ್ದಾರೆ. ಪಕ್ಕದ ಹಾಸಿಗೆಯ ಮುದುಕ ರೇಡಿಯೋ ಕಿವಿಗೆ ಹಚ್ಚಿಕೊಂಡಿದ್ದಾನೆ. ನೀನು ಬಾಗಿಲಲ್ಲಿ ನಿಂತಿದ್ದೀಯ. ಅಪ್ಪನ ಕೋಟು ಹಾಕಿಕೊಂಡಿದ್ದೀಯ, ಗುಂಡಿ ಒಂದು ಮನೆ ತಪ್ಪಿ ಹಾಕಿದ್ದೀಯ, ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. 'ಅಮ್ಮ ಹೇಗಿದ್ದಾಳೆ?' ಅಂತ ನಾನು ಕೇಳಿದೆ. 'ಮಲಗಿದಾಳೆ' ಅಂದೆ ನೀನು. ಆಮೇಲೆ ಸ್ಟೂಲ್ ಎಳೆದುಕೊಂಡು ಕೂತು, ನನಗೆ ಅಂತ ತಂದ ಕಿತ್ತಳೆ ಹಣ್ಣು ಸುಲಿದೆ. ಸುಲಿದು ಒಂದೊಂದೇ ತೊಳೆ ನೀನೇ ತಿಂದೆ. ಒಂದು ಮುಗಿಯಿತು, ಇನ್ನೊಂದು ಸುಲಿದೆ, ಅದನ್ನೂ ತಿಂದೆ. ನಾಲ್ಕೂ ಮುಗಿಸಿದೆ. ನನಗೆ ಒಂದು ತೊಳೆಯನ್ನೂ ಕೊಡಲಿಲ್ಲ. ನಾನು ಕೈ ಚಾಚಿಕೊಂಡೇ ಇದ್ದೆ. ನೀನು ನನ್ನನ್ನು ನೋಡುತ್ತಲೇ ಇದ್ದೆ, ಆದರೆ ನೋಡುತ್ತಿರಲಿಲ್ಲ. ಹದಿನೈದು ವರ್ಷದ ಹುಡುಗ, ಬಂದ ಸಿಟ್ಟು ಇಷ್ಟಿಷ್ಟಲ್ಲ.

ಆ ಸಿಟ್ಟು ನನಗೆ ಈಗಲೂ ಚೆನ್ನಾಗಿ ನೆನಪಿದೆ. ಅಕ್ಕ, ಅದು ಕನಸಲ್ಲ ತಾನೆ?

ಗುಂಡ


ಜುಲೈ 8

ಗುಂಡನಿಗೆ,

ನಿನ್ನ ಕಾಗದ ನಾಲ್ಕು ದಿನದಿಂದ ಓದುತ್ತಿದ್ದೇನೆ. ಕೋಟು ನನಗೆ ನೆನಪಿಲ್ಲ. ಕಿತ್ತಳೆ ನೆನಪಿಲ್ಲ. ರೇಡಿಯೋ ಇದ್ದ ಮುದುಕ ನೆನಪಿಲ್ಲ. ನಿನ್ನ ಹತ್ತಿರ ಬಂದೆ ಅನ್ನುವುದೇ ನನಗೆ ನೆನಪಿಲ್ಲ. ನನ್ನ ಜನ್ಮದಲ್ಲಿ ತಲೆನೋವಿಗೆ ಬಿಟ್ಟು ಇನ್ನೊಂದು ಮಾತ್ರೆ ನುಂಗಿದವಳಲ್ಲ ನಾನು.

ಒಂದು ಮಾತ್ರ ಗೊತ್ತು. ಆ ದಿನ ಬೆಳಗಿನಿಂದ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಆಸ್ಪತ್ರೆಗೆ ಹೊರಡುವಾಗ ಯಾರೋ ಕೈಗೆ ಒಂದು ಚೀಲ ಕೊಟ್ಟರು. ಹಾಗಾಗಿ ನೀನು ಹೇಳುವುದೇ ಸರಿ ಇರಬೇಕು.

ಇನ್ನೇನು ಹೇಳಿದೆ ನಾನು? ಎಷ್ಟು ಹೊತ್ತು ಕೂತಿದ್ದೆ? ಅಳುತ್ತಿದ್ದೆನಾ? ನಿನಗೆ ಗೊತ್ತಿರುವುದನ್ನೆಲ್ಲ ಬರೆ, ಒಂದೂ ಬಿಡಬೇಡ.

ಅಕ್ಕ